ಹಳೆಯ ಕನ್ಸೋಲ್ ಆರ್‌ಪಿಜಿ: ಯಾವುದರಿಂದ ಶುರು, ಯಾವುದು ಆಮೇಲೆ

ಹಳೆಯ ಆರ್‌ಪಿಜಿ (ರೋಲ್ ಪ್ಲೇಯಿಂಗ್ ಗೇಮ್: ಪಾತ್ರಗಳನ್ನು ಬೆಳೆಸುತ್ತಾ ಕಥೆಯಲ್ಲಿ ಸಾಗುವ ಗೇಮ್) ಆಡಬೇಕು, ಎಲ್ಲಿಂದ ಶುರು ಮಾಡಲಿ ಎಂದು ಕೇಳಿದರೆ ಸಾಮಾನ್ಯವಾಗಿ ಎರಡು ಉತ್ತರ ಸಿಗುತ್ತವೆ. ಬಿಡುಗಡೆಯಾದ ವರ್ಷದ ಕ್ರಮದಲ್ಲಿ ಆಡು ಎನ್ನುವುದು ಒಂದು, ಹೆಸರುವಾಸಿಯಾದವನ್ನು ಆಡು ಎನ್ನುವುದು ಇನ್ನೊಂದು. ವರ್ಷದ ಕ್ರಮ ಹಿಡಿದವರು 1986–87ರ ಗೇಮ್‌ಗಳ ಒರಟುತನಕ್ಕೆ ಸುಸ್ತಾಗುತ್ತಾರೆ. ಹೆಸರು ನೋಡಿ ಹೋದವರು ನಲವತ್ತು ಗಂಟೆಯ ಗೇಮ್ ಒಂದರಲ್ಲಿ ಮೂವತ್ತನೇ ಗಂಟೆಗೆ ಸಿಕ್ಕಿಹಾಕಿಕೊಳ್ಳುತ್ತಾರೆ, ಯಾಕೆ ಸಿಕ್ಕಿಕೊಂಡೆವು ಎಂದು ಅವರಿಗೇ ತಿಳಿದಿರುವುದಿಲ್ಲ.

ಈ ಟಿಪ್ಪಣಿ ಬೇರೆ ಅಳತೆಗೋಲು ಹಿಡಿದಿದೆ. ಸೋತಾಗ ಕೇಳಬೇಕಾದ ಪ್ರಶ್ನೆ: ಆ ಸೋಲಿಗೆ ಕಾರಣವಾದ ತಪ್ಪು ಎಷ್ಟು ಹಿಂದೆ ಆಗಿತ್ತು? ಕೆಲವು ಗೇಮ್‌ಗಳಲ್ಲಿ ತಪ್ಪು ಅದೇ ಕಾಳಗದಲ್ಲಿರುತ್ತದೆ. ಕೆಲವದರಲ್ಲಿ ಅರ್ಧ ಗಂಟೆ ಹಿಂದೆ, ಅಂಗಡಿಯಲ್ಲಿ. ಇನ್ನು ಕೆಲವದರಲ್ಲಿ ಹತ್ತು ಗಂಟೆ ಹಿಂದೆ, ಅಥವಾ ಗೇಮ್ ಶುರುವಾದ ಮೊದಲ ಪರದೆಯಲ್ಲೇ. ತಪ್ಪಿಗೂ ಶಿಕ್ಷೆಗೂ ನಡುವಿನ ದೂರ ಕಡಿಮೆ ಇದ್ದಷ್ಟೂ ಕಲಿಕೆ ಬೇಗ. ಹಾಗಾಗಿ ದೂರ ಕಡಿಮೆ ಇರುವುದರಿಂದ ಹೆಚ್ಚಿರುವುದರ ಕಡೆಗೆ ಹೋಗುವುದೇ ಇಲ್ಲಿನ ಕ್ರಮ. ಹೋಲಿಕೆಗೆ ತೆಗೆದುಕೊಂಡಿರುವುದು 1986ರಿಂದ 1998ರವರೆಗಿನ ಜಪಾನಿ ಗೇಮ್‌ಗಳನ್ನು ಮಾತ್ರ.

ಮೊದಲನೆಯದು: ಕ್ರೊನೊ ಟ್ರಿಗರ್ (1995)

ನಿಂಟೆಂಡೊದ ಸೂಪರ್ ಫ್ಯಾಮಿಕಾಮ್ ಕನ್ಸೋಲ್‌ಗೆ ಸ್ಕ್ವೇರ್ ಕಂಪನಿ ಮಾಡಿದ್ದು. ಮುಗಿಸಲು ಸುಮಾರು 20ರಿಂದ 25 ಗಂಟೆ ಸಾಕು. ತಂಡದಲ್ಲಿ ಯಾರಿರಬೇಕು, ಯಾರು ಏನು ಕಲಿಯಬೇಕು ಎಂಬುದನ್ನೆಲ್ಲ ಗೇಮೇ ಬಹುಪಾಲು ನಿರ್ಧರಿಸಿರುತ್ತದೆ. ಶತ್ರುಗಳು ಹೆಚ್ಚಾಗಿ ಕಣ್ಣೆದುರೇ ಓಡಾಡುತ್ತಾರೆ, ಬೇರೆ ಕಾಳಗದ ಪರದೆ ಇಲ್ಲ. ಲೆವೆಲ್ ಏರಿಸಲೆಂದೇ ಸುತ್ತಾಡುವ ಅಗತ್ಯ ಬಹುತೇಕ ಬೀಳುವುದಿಲ್ಲ. ಅಂದರೆ ಬಾಸ್ (ದಾರಿಗೆ ಅಡ್ಡ ನಿಲ್ಲುವ ದೊಡ್ಡ ಶತ್ರು) ಎದುರು ಸೋತರೆ ತಪ್ಪು ಆ ಕಾಳಗದಲ್ಲೇ ಇದೆ.

ಒಂದು ಬಾಸ್ ಹತ್ತಿರದಿಂದ ನೋಡೋಣ. ಸೆರೆಮನೆಯಿಂದ ತಪ್ಪಿಸಿಕೊಳ್ಳುವಾಗ ಸೇತುವೆಯ ಮೇಲೆ ಡ್ರ್ಯಾಗನ್ ಟ್ಯಾಂಕ್ ಎದುರಾಗುತ್ತದೆ. ಅದಕ್ಕೆ ತಲೆ, ಮೈ, ಚಕ್ರ ಎಂದು ಮೂರು ಗುರಿಗಳು. ಹೊಸಬರು ದೊಡ್ಡದಾಗಿ ಕಾಣುವ ಮೈಗೇ ಹೊಡೆಯುತ್ತಾರೆ. ಹೊಡೆತ ಬೀಳುತ್ತದೆ, ಸಂಖ್ಯೆಯೂ ಕಾಣುತ್ತದೆ, ಆದರೆ ಬಾಸ್ ಸಾಯುವುದಿಲ್ಲ, ಏಕೆಂದರೆ ತಲೆ ಉಳಿದ ಭಾಗಗಳನ್ನು ರಿಪೇರಿ ಮಾಡುತ್ತಿರುತ್ತದೆ. ಔಷಧಿ ಖಾಲಿಯಾಗುತ್ತದೆ, ಸೋಲು ಬರುತ್ತದೆ. ಲೆವೆಲ್ ಸಾಲದು ಅನ್ನಿಸುತ್ತದೆ, ಆದರೆ ಕಾರಣ ಅದಲ್ಲ. ಮೊದಲು ತಲೆ ಉರುಳಿಸಿ, ಆಮೇಲೆ ಉಳಿದವು. ಅದೇ ಲೆವೆಲ್‌ನಲ್ಲಿ, ಅದೇ ಕತ್ತಿಯಲ್ಲಿ ಗೆಲುವು. ಮುಂದೆ ಹೆಕ್ರಾನ್ ಎಂಬ ಬಾಸ್ ಕತ್ತಿ ಏಟಿಗೆ ಜಗ್ಗುವುದಿಲ್ಲ, ಮಂತ್ರ ಬೇಕು. ನಡುವೆ ಒಮ್ಮೆ ‘ಹೊಡೆಯಿರಿ ನೋಡೋಣ’ ಎಂಬ ಧಾಟಿಯಲ್ಲಿ ಕೆಣಕುತ್ತದೆ. ಆಗ ಹೊಡೆದರೆ ನೀರಿನ ಅಲೆಯಲ್ಲಿ ತಿರುಗೇಟು ಬೀಳುತ್ತದೆ. ಆ ಹೊತ್ತಿನಲ್ಲಿ ಗಾಯ ವಾಸಿ ಮಾಡಿಕೊಂಡು ಕಾಯಬೇಕು.

ಶುರುವಿನಲ್ಲೇ ಸೆಟ್ಟಿಂಗ್‌ನಲ್ಲಿ ‘ವೇಟ್’ ಆರಿಸಿ. ಟೆಕ್ (ಪಾತ್ರಗಳ ವಿಶೇಷ ಏಟು) ಅಥವಾ ವಸ್ತುಗಳ ಪಟ್ಟಿ ತೆರೆದಿರುವಾಗ ಸಮಯ ನಿಲ್ಲುತ್ತದೆ. ಇಂಗ್ಲಿಷ್ ನಿಧಾನವಾಗಿ ಓದುವವರಿಗೆ ಇದು ತುಂಬಾ ಮುಖ್ಯ. ಕ್ರೊನೊನ ಸೈಕ್ಲೋನ್‌ನಂಥ ಟೆಕ್‌ಗಳು ಒಂದು ವೃತ್ತದೊಳಗಿರುವವರಿಗೆಲ್ಲ ತಾಗುತ್ತವೆ, ಶತ್ರುಗಳು ಒತ್ತಾಗಿ ಬರುವವರೆಗೆ ಒಂದೆರಡು ಕ್ಷಣ ತಡೆದರೆ ಅದೇ ಎಂಪಿಗೆ (ಮಂತ್ರ, ಟೆಕ್‌ಗೆ ಖರ್ಚಾಗುವ ಅಂಕ) ಎರಡು ಪಟ್ಟು ಫಲ.

ಎರಡನೆಯದು: ಫೈನಲ್ ಫ್ಯಾಂಟಸಿ 4 (1991)

ಅಮೆರಿಕದಲ್ಲಿ ಇದು ಮೊದಲು ‘ಫೈನಲ್ ಫ್ಯಾಂಟಸಿ 2’ ಎಂಬ ಹೆಸರಲ್ಲಿ ಬಂತು, ಅದೂ ಸಲೀಸು ಮಾಡಿದ ಆವೃತ್ತಿ. ಹಳೆಯ ಪ್ರತಿ ಹುಡುಕುವಾಗ ಈ ಸಂಖ್ಯೆಯ ಗೊಂದಲ ನೆನಪಿರಲಿ. (1994ರ ಆರನೆಯದು ಅಲ್ಲಿ ‘3’ ಆಗಿತ್ತು.) ಇಲ್ಲೂ ತಂಡವನ್ನು ಕಥೆಯೇ ಕಟ್ಟುತ್ತದೆ, ಕೆಡಿಸುತ್ತದೆ, ಮತ್ತೆ ಕಟ್ಟುತ್ತದೆ. ಸರದಿಗೆ ಕಾಯದೆ ಪ್ರತಿಯೊಬ್ಬರ ಸಮಯ ಬೇರೆ ಬೇರೆಯಾಗಿ ತುಂಬುವ ಎಟಿಬಿ ಪದ್ಧತಿ ಬಂದದ್ದು ಈ ಗೇಮ್‌ನಿಂದಲೇ.

ಮೊದಲ ಬಾಸ್ ಮಿಸ್ಟ್ ಡ್ರ್ಯಾಗನ್ ಆ ಪದ್ಧತಿಗೇ ಪಾಠ. ಡ್ರ್ಯಾಗನ್ ನಡುನಡುವೆ ಮಂಜಾಗುತ್ತದೆ, ಮಂಜಿಗೆ ಹೊಡೆದರೆ ಇಡೀ ತಂಡಕ್ಕೆ ತಣ್ಣನೆಯ ತಿರುಗೇಟು. ಪರದೆಯಲ್ಲಿ ಎಚ್ಚರಿಕೆಯೂ ಬರುತ್ತದೆ, ಗಡಿಬಿಡಿಯಲ್ಲಿ ಬಟನ್ ಒತ್ತುವವರು ಅದನ್ನು ಓದಿರುವುದಿಲ್ಲ. ಮುಂದೆ ನಾಯಕ ಸೆಸಿಲ್ ಕತ್ತಲೆಯ ಯೋಧನ ವೇಷ ಬಿಟ್ಟು ಪ್ಯಾಲಡಿನ್ (ಬೆಳಕಿನ ಯೋಧ) ಆಗುವಾಗ ತನ್ನದೇ ಪ್ರತಿರೂಪ ಎದುರಾಗುತ್ತದೆ. ಅಲ್ಲಿ ಹೊಡೆಯಬಾರದು, ತಡೆದುಕೊಳ್ಳಬೇಕು. ಲೆವೆಲ್ ಒಂದಕ್ಕೆ ಇಳಿದದ್ದು ನೋಡಿ ಗಾಬರಿಯಾಗಬೇಡಿ, ಬೇಗ ಏರುತ್ತದೆ. ಅಯಸ್ಕಾಂತದ ಗುಹೆಯಲ್ಲಿ ಲೋಹದ ಕತ್ತಿ, ಕವಚ ತೊಟ್ಟವರು ಕಾಳಗದಲ್ಲಿ ಅಲುಗಾಡುವುದಿಲ್ಲ. ಇಲ್ಲಿ ದೂರ ಸ್ವಲ್ಪ ಹೆಚ್ಚಿತು ನೋಡಿ: ತಪ್ಪು ಕಾಳಗದಲ್ಲಿಲ್ಲ, ಒಳಗೆ ಕಾಲಿಡುವ ಮೊದಲು ತೆರೆಯದೆ ಬಿಟ್ಟ ಮೆನುವಿನಲ್ಲಿದೆ.

ಮೂರನೆಯದು: ಮೊದಲ ಡ್ರ್ಯಾಗನ್ ಕ್ವೆಸ್ಟ್ (1986)

ಎಲ್ಲರಿಗಿಂತ ಹಿರಿಯದನ್ನು ಮೂರನೆಯದಾಗಿ ಇಡಲು ಕಾರಣವಿದೆ. ಇದರಲ್ಲಿ ಒಬ್ಬನೇ ವೀರ, ಎದುರಿಗೆ ಒಬ್ಬನೇ ಶತ್ರು, ಕಾಳಗದಲ್ಲಿ ಕಲಿಯಲು ಹೆಚ್ಚೇನಿಲ್ಲ. ಕಲಿಯಬೇಕಾದದ್ದು ಖರ್ಚಿನ ಲೆಕ್ಕ. ಎಷ್ಟು ದೂರ ಹೋಗಬಹುದು, ಯಾವಾಗ ತಿರುಗಬೇಕು ಎನ್ನುವುದೇ ಇಡೀ ಗೇಮ್.

1989ರ ಎನ್‌ಇಎಸ್ (ನಿಂಟೆಂಡೊದ ಹಳೆಯ ಕನ್ಸೋಲ್) ಆವೃತ್ತಿಯ ಲೆಕ್ಕ ಹೀಗೆ. ಅರಮನೆಯಲ್ಲಿ ಸಿಗುವುದು 120 ಗೋಲ್ಡ್. ಪಕ್ಕದ ಊರಿನಲ್ಲಿ ದೊಣ್ಣೆಗೆ 60, ಬಟ್ಟೆಗೆ 20, ಗಿಡಮೂಲಿಕೆಗೆ 24, ಪಂಜಿಗೆ 8. ದೊಣ್ಣೆ, ಬಟ್ಟೆ, ಒಂದು ಮೂಲಿಕೆ, ಎರಡು ಪಂಜು ಕೊಂಡರೆ ಸರಿಯಾಗಿ 120. ಕೈಯಲ್ಲಿ ಕಾಸಿಲ್ಲ ಎಂದು ಹೆದರಬೇಡಿ: ಆ ಊರಿನ ಇನ್‌ನಲ್ಲಿ ರಾತ್ರಿಗೆ 6 ಗೋಲ್ಡ್, ಕೆಲವು ಸ್ಲೈಮ್ ಹೊಡೆದರೆ ಹುಟ್ಟುತ್ತದೆ. ಕಥೆಯ ಹಳೆಯ ವೀರ ಎರ್ಡ್ರಿಕ್‌ನ ಗುಹೆಯಲ್ಲಿ ಶತ್ರುಗಳಿಲ್ಲ, ಪಂಜು ಹೇಗೆ ಕೆಲಸ ಮಾಡುತ್ತದೆ ಎಂದು ಅಲ್ಲೇ ನೋಡಿಕೊಳ್ಳಿ. ಸುತ್ತಲ ಒಂದೊಂದು ಚೌಕ ಮಾತ್ರ ಬೆಳಗುತ್ತದೆ.

ಸತ್ತರೆ ಅನುಭವದ ಅಂಕ ಉಳಿಯುತ್ತದೆ, ಗೋಲ್ಡ್ ಅರ್ಧ ಹೋಗುತ್ತದೆ. ಆದ್ದರಿಂದ ಕೈತುಂಬ ಹಣ ಇಟ್ಟುಕೊಂಡು ಹೊಸ ದಿಕ್ಕಿಗೆ ಹೋಗಬೇಡಿ, ಮೊದಲು ಖರ್ಚು ಮಾಡಿ. ಸೇತುವೆ ದಾಟಿದರೆ ಶತ್ರುಗಳ ಬಲ ಒಮ್ಮೆಲೇ ಏರುತ್ತದೆ, ಇದನ್ನು ಗೇಮ್ ನೇರವಾಗಿ ತೋರಿಸಿಕೊಡುವುದಿಲ್ಲ. ವಾಸಿ ಮಾಡುವ ಮಂತ್ರ 3ನೇ ಲೆವೆಲ್‌ಗೆ ಬರುತ್ತದೆ, ಅರಮನೆಗೆ ಮರಳಿಸುವ ಮಂತ್ರ 13ಕ್ಕೆ. ನಡುವಿನ ಅವಧಿಯೇ ಕಷ್ಟದ್ದು. ಎಚ್‌ಪಿ (ಜೀವದ ಅಂಕ) ಅರ್ಧಕ್ಕೆ ಬಂದಾಗ ತಿರುಗಿದರೆ ಮನೆ ಸೇರುತ್ತೀರಿ, ಕಾಲುಭಾಗಕ್ಕೆ ಬಂದಾಗ ತಿರುಗಿದರೆ ಸೇರುವುದಿಲ್ಲ. ತಪ್ಪು ಊರಿನ ಅಂಗಡಿಯಲ್ಲಿದೆ, ಸಾವು ಗುಹೆಯ ಎರಡನೇ ಮಹಡಿಯಲ್ಲಿದೆ.

ಎನ್‌ಇಎಸ್ ಆವೃತ್ತಿಯಲ್ಲಿ ಮೆಟ್ಟಿಲು ಇಳಿಯಲೂ ಮೆನು ತೆರೆದು ಆಜ್ಞೆ ಕೊಡಬೇಕು. ಅದು ಕಿರಿಕಿರಿ ಅನ್ನಿಸಿದರೆ ಮರುಆವೃತ್ತಿ ಆಡಿ, ಪಾಠವೇನೂ ತಪ್ಪಿಹೋಗುವುದಿಲ್ಲ.

ಈ ಗೇಮ್‌ನಲ್ಲೇ ನೋಟ್‌ಬುಕ್ ಅಭ್ಯಾಸವೂ ಬರಲಿ. ಮುಂದೆ ಎಲ್ಲಿಗೆ ಹೋಗಬೇಕು ಎಂದು ನೆನಪಿಸುವ ಪಟ್ಟಿ ಇಂಥ ಗೇಮ್‌ಗಳಲ್ಲಿ ಇಲ್ಲ. ಎರ್ಡ್ರಿಕ್‌ನ ಗುರುತಿನ ಪದಕ ಇರುವ ಜಾಗವನ್ನು ಒಬ್ಬರು ಅರಮನೆಯಿಂದ ದಕ್ಷಿಣಕ್ಕೆ 70, ಪೂರ್ವಕ್ಕೆ 40 ಎಂದು ಹೇಳುತ್ತಾರೆ. ರಾಜಕುಮಾರಿ ಕೊಡುವ ವಸ್ತುವನ್ನು ಬಳಸಿದಾಗ ನೀವೀಗ ಅರಮನೆಯಿಂದ ಎಷ್ಟು ದೂರ ಇದ್ದೀರಿ ಎಂದು ತಿಳಿಯುತ್ತದೆ. ಎರಡನ್ನೂ ಬರೆದಿಟ್ಟುಕೊಂಡವರಿಗೆ ಹತ್ತು ನಿಮಿಷದ ಕೆಲಸ. ಬರೆಯದವರು ಜೌಗಿನಲ್ಲಿ ವಿಷ ತುಳಿಯುತ್ತಾ ಅಲೆಯುತ್ತಾರೆ. ಯಾರು, ಯಾವ ಊರು, ಏನು ಹೇಳಿದರು: ಒಂದು ಸಾಲು ಸಾಕು.

ನಾಲ್ಕನೆಯದು: ಫೈನಲ್ ಫ್ಯಾಂಟಸಿ 6 (1994)

ಬಹಳ ಮಂದಿ ಇದನ್ನೇ ಮೊದಲು ಕೊಡುತ್ತಾರೆ. ಕಥೆಯ ದೃಷ್ಟಿಯಿಂದ ಒಪ್ಪಬಹುದು, ಆಟದ ದೃಷ್ಟಿಯಿಂದ ಬೇಡ. ಮೊದಲ ಅರ್ಧ ಕೈಹಿಡಿದು ನಡೆಸುತ್ತದೆ, ಎರಡನೇ ಅರ್ಧ ಕೈಬಿಡುತ್ತದೆ. ಒಟ್ಟು 14 ಪಾತ್ರಗಳಿವೆ. ಇಷ್ಟವಾದ ನಾಲ್ವರನ್ನೇ ಬೆಳೆಸುತ್ತಾ ಹೋದರೆ ಎಲ್ಲೂ ತೊಂದರೆ ಕಾಣುವುದಿಲ್ಲ, ಕೊನೆಯ ಗೋಪುರದವರೆಗೆ. ಅಲ್ಲಿ ಮೂರು ತಂಡಗಳಾಗಿ ಹೋಗಬೇಕು. ತಪ್ಪು ನಡೆದದ್ದು ಹತ್ತಾರು ಗಂಟೆ ಹಿಂದೆ, ಒಂದೇ ದಿನದಲ್ಲಿ ಅಲ್ಲ, ದಿನವೂ ಸ್ವಲ್ಪಸ್ವಲ್ಪ. ಲೋಕ ಹಾಳಾದ ಮೇಲೆ ಕನಿಷ್ಠ ಎಂಟು ಜನರನ್ನು ಸರದಿಯ ಮೇಲೆ ಆಡಿಸಿ, ಮಂತ್ರ ಕಲಿಸುವ ಎಸ್ಪರ್‌ಗಳನ್ನು ಕೈಯಿಂದ ಕೈಗೆ ಬದಲಾಯಿಸುತ್ತಾ ವಾಸಿ ಮಾಡುವ ಮಂತ್ರ ಪ್ರತಿ ತಂಡದಲ್ಲಿ ಇಬ್ಬರಿಗಾದರೂ ಕಲಿಸಿ.

ಕಥೆಯ ಗುಟ್ಟು ಬಿಟ್ಟುಕೊಡದೆ ಹೇಳಬಹುದಾದ ಇನ್ನೊಂದು: ತೇಲುವ ಭೂಖಂಡದಿಂದ ತಪ್ಪಿಸಿಕೊಳ್ಳುವಾಗ ಗಡಿಯಾರ ಓಡುತ್ತಿರುತ್ತದೆ. ಹಡಗಿಗೆ ಹಾರುವ ಜಾಗದಲ್ಲಿ ‘ಕಾಯುತ್ತೇನೆ’ ಆರಿಸಿ, ಗಡಿಯಾರ ಕೊನೆಯ 5 ಸೆಕೆಂಡಿಗೆ ಬರುವವರೆಗೆ ನಿಲ್ಲಿ. ಬೇಗ ಹಾರಿದರೆ ಒಂದು ಪಾತ್ರ ಶಾಶ್ವತವಾಗಿ ಹೋಗುತ್ತದೆ. ಮೂಲ ಸೂಪರ್ ಫ್ಯಾಮಿಕಾಮ್ ಪ್ರತಿಯಲ್ಲಿ ಒಂದು ಪ್ರಸಿದ್ಧ ದೋಷವೂ ಇದೆ: ಏಟು ತಪ್ಪಿಸಿಕೊಳ್ಳುವ ಅಂಕ ಕೆಲಸವೇ ಮಾಡುವುದಿಲ್ಲ, ಕತ್ತಿ ಏಟಿಗೂ ಮಂತ್ರ ತಡೆಯುವ ಅಂಕವೇ ಲೆಕ್ಕ. ಆ ಪ್ರತಿ ಆಡುವವರು ಗುರಾಣಿ ಆರಿಸುವಾಗ ಎರಡನೆಯದನ್ನು ನೋಡಿ.

ಆಮೇಲಿನ ದಾರಿಗಳು

ಇಲ್ಲಿಂದ ಕವಲು. ತಂಡವನ್ನು ತಾವೇ ಕಟ್ಟುವ ಆಸೆ ಇದ್ದವರಿಗೆ ಡ್ರ್ಯಾಗನ್ ಕ್ವೆಸ್ಟ್ 3 (1988), ಫೈನಲ್ ಫ್ಯಾಂಟಸಿ 5 (1992). ಮೊದಲನೆಯದರಲ್ಲಿ 20ನೇ ಲೆವೆಲ್ ಮುಟ್ಟಿದವರು ವೃತ್ತಿ ಬದಲಿಸಬಹುದು. ಲೆವೆಲ್ 1ಕ್ಕೆ ಇಳಿದು ಅಂಕಗಳು ಅರ್ಧವಾದರೂ ಕಲಿತ ಮಂತ್ರ ಉಳಿಯುತ್ತದೆ. ಇಡೀ ತಂಡವನ್ನು ಒಟ್ಟಿಗೆ ಬದಲಿಸಬೇಡಿ, ಒಬ್ಬೊಬ್ಬರಾಗಿ.

ಮೊದಲ ಫೈನಲ್ ಫ್ಯಾಂಟಸಿ (1987) ಗೇಮ್ ಶುರುವಾಗುವ ಮೊದಲೇ ಆರು ವೃತ್ತಿಗಳಿಂದ ನಾಲ್ವರನ್ನು ಆರಿಸಲು ಹೇಳುತ್ತದೆ, ಬದಲಿಸಲು ಅವಕಾಶವಿಲ್ಲ. ಫೈಟರ್, ಬ್ಲ್ಯಾಕ್ ಬೆಲ್ಟ್, ವೈಟ್ ಮೇಜ್, ರೆಡ್ ಮೇಜ್ ಇದ್ದರೆ ಕ್ಷೇಮ. ಎನ್‌ಇಎಸ್ ಪ್ರತಿಯಲ್ಲಿ ತಂಡದ ಇಬ್ಬರಿಗೂ ಒಂದೇ ಶತ್ರುವನ್ನು ತೋರಿಸಿ, ಮೊದಲನೆಯವನೇ ಅದನ್ನು ಕೊಂದರೆ ಎರಡನೆಯವನ ಏಟು ಗಾಳಿಗೆ ಹೋಗುತ್ತದೆ. ಆದ್ದರಿಂದ ಏಟು ಹಂಚಿ ಕೊಡಬೇಕು. ಡಂಜನ್ (ಗುಹೆ, ಗೋಪುರದಂಥ ಶತ್ರುಗಳ ತಾಣ) ಒಳಗೆ ಸೇವ್ ಇಲ್ಲ. ಜೌಗು ಗುಹೆಯಲ್ಲಿ ಕಿರೀಟ ಸಿಕ್ಕ ಮೇಲೆ ನಡೆದೇ ಹೊರಬರಬೇಕು. 60 ಗೋಲ್ಡಿನ ಔಷಧಿ ಹತ್ತಾರು ಸಾಲದು, ಐವತ್ತಾದರೂ ಇರಲಿ, ವಿಷ ಇಳಿಸುವ ಔಷಧಿ ಬೇರೆ.

ಜನರನ್ನು ಕಲೆಹಾಕುವ ಖುಷಿ ಬೇಕೆಂದರೆ ಪ್ಲೇಸ್ಟೇಷನ್‌ನ ಸುಯ್‌ಕೊಡೆನ್ (1995), ಅದರ ಎರಡನೆಯದು (1998). ಒಂದರ ಕೊನೆಯ ಸೇವ್ ಇಟ್ಟುಕೊಂಡರೆ ಎರಡಕ್ಕೆ ಒಯ್ಯಬಹುದು. ಹಿಂದುಳಿದ ಪಾತ್ರಗಳು ಎರಡು ಮೂರು ಕಾಳಗದಲ್ಲಿ ಲೆವೆಲ್ ಏರಿಬಿಡುತ್ತವೆ, ಆ ಭಯ ಬೇಡ. ಆದರೆ ಸೇರಿಸಿಕೊಳ್ಳಬಹುದಾದ 108 ಜನರಲ್ಲಿ ಕೆಲವರನ್ನು ಸಮಯ ಮೀರಿದ ಮೇಲೆ ಸೇರಿಸಲಾಗದು, ಒಬ್ಬರು ತಪ್ಪಿದರೂ ಪೂರ್ಣ ಅಂತ್ಯ ಸಿಗದು. ಸೆಗಾದ ಮೆಗಾ ಡ್ರೈವ್ ಕನ್ಸೋಲ್‌ನ ಫ್ಯಾಂಟಸಿ ಸ್ಟಾರ್ 4 (1993) ಚುರುಕಾದ, ಅನ್ಯಾಯವಾಗಿ ಮರೆತುಹೋದ ಗೇಮ್. ಅದರ ಮ್ಯಾಕ್ರೊ (ಆಜ್ಞೆಗಳನ್ನು ಮೊದಲೇ ಜೋಡಿಸಿಡುವ ಸೌಲಭ್ಯ) ಬಳಸಿ ಫೋಯ್, ವಾಟ್, ತ್ಸು ಎಂಬ ಮೂರು ಮಂತ್ರಗಳನ್ನೂ ಸಾಲಾಗಿ ಇಟ್ಟರೆ ಮೂರೂ ಕೂಡಿ ಒಂದೇ ದೊಡ್ಡ ಏಟಾಗುತ್ತದೆ.

ಬಳಸಿದ್ದೇ ಬೆಳೆಯುವ ಫೈನಲ್ ಫ್ಯಾಂಟಸಿ 2 (1988), ಅದೇ ದಾರಿಯ ಸಾಗಾ ಸರಣಿ ಕೊನೆಗಿರಲಿ. ಅಲ್ಲಿ ತಪ್ಪು ಎಲ್ಲಿ ಶುರುವಾಯಿತು ಎಂದು ಹುಡುಕುವುದೇ ಕಷ್ಟ.

ಯಾವ ಪ್ರತಿ, ಹೇಗೆ ಸೇವ್

ಫೈನಲ್ ಫ್ಯಾಂಟಸಿ 1ರಿಂದ 6ರವರೆಗೆ ಪಿಕ್ಸೆಲ್ ರೀಮಾಸ್ಟರ್ ಎಂಬ ಮರುಆವೃತ್ತಿ ಇದೆ. ಮೊದಲನೆಯದರಲ್ಲಿ ಗಾಳಿಗೆ ಹೋಗುವ ಏಟಿನ ತೊಂದರೆ ಅಲ್ಲಿಲ್ಲ. ಕನ್ಸೋಲ್ ಆವೃತ್ತಿಯಲ್ಲಿ ದಾರಿಯ ಕಾಳಗ ಬಂದ್ ಮಾಡುವ, ಅನುಭವದ ಅಂಕ 4 ಪಟ್ಟುವರೆಗೆ ಏರಿಸುವ ಸ್ವಿಚ್‌ಗಳಿವೆ. ಮೊದಲ ಸಲ ಮುಟ್ಟಬೇಡಿ, ಗೇಮ್ ಕಲಿಸುವ ಲೆಕ್ಕವೇ ಕೆಟ್ಟುಹೋಗುತ್ತದೆ. ಹಿಂದೆ ಬಂದ ದಾರಿಯಲ್ಲೇ ಮರಳುವಾಗ ಕಾಳಗ ಬಂದ್ ಮಾಡಿದರೆ ನಷ್ಟವಿಲ್ಲ. ಕ್ರೊನೊ ಟ್ರಿಗರ್‌ಗೆ 2008ರ ಡಿಎಸ್ ಪ್ರತಿ ಅಥವಾ ಈಗಿನ ಪಿಸಿ ಪ್ರತಿ ಚೆನ್ನ. ಪ್ಲೇಸ್ಟೇಷನ್ 1ರ ಪ್ರತಿಯಲ್ಲಿ ಕಾಳಗಕ್ಕೂ ಮೆನುವಿಗೂ ಲೋಡಿಂಗ್ ಕಾಯಬೇಕು.

ಮೂರು ಸೇವ್ ಜಾಗಗಳಿದ್ದರೆ ಮೂರನ್ನೂ ಸರದಿಯಲ್ಲಿ ಬಳಸಿ. ಡಂಜನ್ ಒಳಗಿನ ಸೇವ್ ಒಂದನ್ನೇ ನೆಚ್ಚಿದರೆ, ಮುಂದೆ ಬಾಸ್ ಗೆಲ್ಲಲಾಗದೆ, ಹಿಂದೆ ಊರಿಗೆ ಹೋಗಲಾಗದೆ ಸಿಕ್ಕಿಕೊಳ್ಳುವ ಅಪಾಯವಿದೆ. ಒಂದು ಸೇವ್ ಯಾವಾಗಲೂ ಊರಿನದ್ದಿರಲಿ.

ಮೂಲ ಕಾರ್ಟ್ರಿಜ್ ಕೊಳ್ಳುವವರಿಗೆ: ಸೂಪರ್ ಫ್ಯಾಮಿಕಾಮ್ ಆರ್‌ಪಿಜಿಗಳ ಸೇವ್ ಒಳಗಿರುವ ಸಿಆರ್2032 ಸೆಲ್ ಮೇಲೆ ನಿಂತಿದೆ, ಅದಕ್ಕೀಗ ಮೂವತ್ತು ವರ್ಷ. ಸೆಲ್ ತೆಗೆದ ಕೂಡಲೇ ಹಳೆಯ ಸೇವ್ ಅಳಿಯುತ್ತದೆ. ಅದಕ್ಕೇ ಗೇಮ್ ಶುರು ಮಾಡುವ ಮೊದಲು ಸೆಲ್ ಬದಲಿಸಿ, ಟ್ಯಾಬ್ ಇರುವ ಸೆಲ್ಲನ್ನೇ ಬೆಸುಗೆ ಹಾಕಿಸಿ. ತೊಂಬತ್ತರ ದಶಕದಲ್ಲಿ ನಮ್ಮ ಊರುಗಳಲ್ಲಿ ಸಿಗುತ್ತಿದ್ದ ‘ನೂರಾರು ಗೇಮ್ ಒಂದರಲ್ಲಿ’ ಕಾರ್ಟ್ರಿಜ್‌ಗಳಲ್ಲಿ ಸಾಮಾನ್ಯವಾಗಿ ಈ ಸೆಲ್ಲೇ ಇರುತ್ತಿರಲಿಲ್ಲ. ಹಾಗಾಗಿ ಮಾರಿಯೊ, ಕಾಂಟ್ರಾ ಬಲ್ಲವರಿಗೂ ಈ ಬಗೆಯ ಗೇಮ್ ಹೊಸದು. ಎನ್‌ಇಎಸ್‌ನ ಡ್ರ್ಯಾಗನ್ ಕ್ವೆಸ್ಟ್, ಫೈನಲ್ ಫ್ಯಾಂಟಸಿ ಆಡುವವರು ರಿಸೆಟ್ ಬಟನ್ ಒತ್ತಿ ಹಿಡಿದೇ ಪವರ್ ಆಫ್ ಮಾಡಬೇಕು. ನೇರವಾಗಿ ಆಫ್ ಮಾಡಿದರೆ ಆ ಕ್ಷಣದ ವಿದ್ಯುತ್ ಏರಿಳಿತಕ್ಕೆ ಸೇವ್ ಕೆಡಬಹುದು.