ಕೆರೆ ಸಿಗಬೇಕೆಂದರೆ 'ಟ್ಯಾಂಕ್' ಎಂದು ಹುಡುಕಿ

ಇತಿಹಾಸ ಎಂ.ಎ. ಓದುವ ಹುಡುಗಿಯೊಬ್ಬಳು ಕಳೆದ ವರ್ಷ ಲೈಬ್ರರಿಯಲ್ಲಿ ನನ್ನ ಮೇಜಿನ ಮುಂದೆ ಬಂದು ನಿಂತಳು. ಚನ್ನಗಿರಿ ತಾಲ್ಲೂಕಿನ ಶಾಂತಿಸಾಗರದ ಮೇಲೆ ಪ್ರಾಜೆಕ್ಟ್. ಎರಡು ವಾರದಿಂದ ಗೂಗಲ್ ಜಾಲಾಡಿದ್ದಾಳೆ. "ಏನೂ ಸಿಗ್ತಿಲ್ಲ ಸರ್, ಬರೀ ಟೂರಿಸಂ" ಅಂದಳು. ನಿಜವೇ. ಫೋನಿನ ತುಂಬ 'ಏಷ್ಯಾದ ಎರಡನೇ ದೊಡ್ಡ ಕೆರೆ' ಎಂಬ ಅದೇ ಸಾಲು, ಪುಟದಿಂದ ಪುಟಕ್ಕೆ ನಕಲಾಗಿದ್ದು. ಅಳೆದವರು ಯಾರು, ಯಾವಾಗ ಅಂತ ಅವಳು ತೋರಿಸಿದ ಒಂದು ಪುಟದಲ್ಲೂ ಇರಲಿಲ್ಲ.

"ಹಳೇ ಹೆಸರು ಹಾಕಿ ನೋಡಿದ್ಯಾ?" ಅಂತ ಕೇಳಿದೆ. ತಲೆ ತಗ್ಗಿಸಿದಳು. ಸೂಳೆಕೆರೆ ಅಂತ ಟೈಪ್ ಮಾಡೋಕೆ ಮುಜುಗರವಂತೆ! ನೂರಿಪ್ಪತ್ತು ವರ್ಷದ ಹಿಂದೆ ಬರೆದವರಿಗೆ ಆ ಮುಜುಗರ ಇರಲಿಲ್ಲ.

ಬಹಳ ಜನ ಎಡವುವುದು ಇಲ್ಲೇ. ನಮ್ಮ ಬಾಯಿಗೆ ಬಂದ ಪದ ಹಾಕುತ್ತೇವೆ, ಬರೆದವರು ಯಾವ ಪದ ಬಳಸಿರಬಹುದು ಅಂತ ಯೋಚಿಸುವುದಿಲ್ಲ. ಮೈಸೂರು ಸೀಮೆಯ ಊರು, ಜಿಲ್ಲೆಗಳ ವಿವರವಿರುವ ಸರ್ಕಾರಿ ಗ್ರಂಥ, ಬಿ.ಎಲ್. ರೈಸ್ ಅವರ ಮೈಸೂರು ಗೆಜೆಟಿಯರ್‌ನ 1897ರ ಆವೃತ್ತಿ, ಹಳೇ ಪುಸ್ತಕಗಳ ಆನ್‌ಲೈನ್ ಭಂಡಾರವಾದ ಇಂಟರ್ನೆಟ್ ಆರ್ಕೈವ್‌ನಲ್ಲಿ ಬಿಟ್ಟಿ ಸಿಗುತ್ತದೆ. ಆ ಕಾಲದ ಇಂಗ್ಲಿಷಿನಲ್ಲಿ ಕೆರೆಗೆ 'ಟ್ಯಾಂಕ್' ಎನ್ನುತ್ತಿದ್ದರು, 'ಲೇಕ್' ಅಂತ ಹುಡುಕಿದರೆ ಕೈಗೆ ಹತ್ತುವುದು ಕಷ್ಟ. ಜಿಲ್ಲೆಯೂ ದಾವಣಗೆರೆ ಅಲ್ಲ, ಅದು ಹುಟ್ಟಿದ್ದೇ 1997ರಲ್ಲಿ. ಅಲ್ಲಿಯವರೆಗೆ ಚನ್ನಗಿರಿ ಶಿವಮೊಗ್ಗಕ್ಕೆ ಸೇರಿತ್ತು, ಇಂಗ್ಲಿಷಿನಲ್ಲಿ 'ಶಿಮೊಗ'. ರಾಜ್ಯದ ಹೆಸರು ಬದಲಾಗಿದ್ದು 1973ರಲ್ಲಿ. ಅದಕ್ಕೂ ಹಿಂದಿನ ಸರ್ಕಾರಿ ವರದಿ ಬೇಕಿದ್ದರೆ ಕರ್ನಾಟಕ ಬಿಟ್ಟು ಮೈಸೂರು ಎಂದು ಹಾಕಿ ನೋಡಬೇಕು.

ಆರ್ಕೈವ್‌ನಲ್ಲಿ ಇನ್ನೊಂದು ಕಿರಿಕಿರಿ ಇದೆ. ಸುಮ್ನೆ ಹುಡುಕಿದರೆ ಅದು ಪುಸ್ತಕದ ಹೆಸರು, ಲೇಖಕರು, ವಿವರ ಇಷ್ಟನ್ನೇ ನೋಡುತ್ತದೆ. ಒಳಗಿನ ಪುಟ ಹುಡುಕಬೇಕಾದರೆ ಪೂರ್ಣ ಪಠ್ಯದ ಆಯ್ಕೆ ಒತ್ತಬೇಕು. ಒತ್ತಿದರೂ ಸ್ಕ್ಯಾನ್ ಮಾಡಿದ ಹಳೇ ಅಕ್ಷರವನ್ನು ಕಂಪ್ಯೂಟರ್ ತಪ್ಪಾಗಿ ಓದಿರುವುದುಂಟು. ಆಗ ಪಕ್ಕದ ಊರಿನ ಹೆಸರು ಹಾಕಿ ಪ್ರಯತ್ನಿಸಿ.

ಜೋಡಿ ಉದ್ಧರಣ ಚಿಹ್ನೆಯೊಳಗೆ ಪದಗಳನ್ನು ಹಾಕಿದರೆ ಗೂಗಲ್ ಅದೇ ಜೋಡಣೆಯನ್ನು ಹುಡುಕುತ್ತದೆ, ಇದು ಬಹಳ ಜನಕ್ಕೆ ಗೊತ್ತು. ಕನ್ನಡದಲ್ಲಿ ಮಾತ್ರ ಹುಷಾರು. 'ಕೆರೆಯ ಇತಿಹಾಸ' ಅಂತ ಹಾಕಿದರೆ 'ಕೆರೆಗಳ ಇತಿಹಾಸ' ತಪ್ಪಿಹೋಗುತ್ತದೆ. ವಚನ, ವಿಭಕ್ತಿ ಬದಲಿಸಿ ಎರಡು ಮೂರು ಸಲ ಹುಡುಕಬೇಕು, ಬೇರೆ ದಾರಿಯಿಲ್ಲ.

ಅವಳನ್ನು ಕೊನೆಗೆ ಶೋಧಗಂಗಾಕ್ಕೆ ಕಳಿಸಿದೆ. ಗಾಂಧಿನಗರದ ಇನ್‌ಫ್ಲಿಬ್‌ನೆಟ್ ಕೇಂದ್ರ ನಡೆಸುವ ಪಿಎಚ್.ಡಿ. ಪ್ರಬಂಧಗಳ ಭಂಡಾರ ಅದು. ಅಲ್ಲಿ ಸಾಮಾನ್ಯವಾಗಿ ಅಧ್ಯಾಯಕ್ಕೊಂದು ಪಿಡಿಎಫ್. ನಾನು ಮೊದಲು ತೆರೆಯುವುದು ಕೊನೆಯದನ್ನು, ಗ್ರಂಥಋಣದ ಪುಟಗಳನ್ನು. ಯಾರೋ ನಾಲ್ಕೈದು ವರ್ಷ ಒದ್ದಾಡಿ ಕೂಡಿಹಾಕಿದ ಪಟ್ಟಿ ಅದು, ಅಲ್ವಾ? 'ನುಡಿ', 'ಬರಹ' ಎಂಬ ಕನ್ನಡ ಟೈಪಿಂಗ್ ತಂತ್ರಾಂಶಗಳ ಹಳೇ ಫಾಂಟ್‌ನಲ್ಲಿ ಟೈಪಾದ ಪ್ರಬಂಧವಾದರೆ ಒಳಗಿನ ಕನ್ನಡ ಪದ ಹುಡುಕಿದರೂ ಸಿಗದು. ಕಂಪ್ಯೂಟರ್‌ಗೆ ಅದು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ಸಾಲು. ಕಣ್ಣಲ್ಲೇ ಓದಬೇಕು.

ಎಐ ಕೊಟ್ಟ ಪುಸ್ತಕಪಟ್ಟಿಯನ್ನೂ ಅವಳು ತಂದಿದ್ದಳು. ನಮ್ಮ ಕ್ಯಾಟಲಾಗ್‌ನಲ್ಲಿ ಹುಡುಕಿ, ಸಿಗದಿದ್ದನ್ನು ಬೇರೆ ಕಡೆಯೂ ನೋಡಿ, ಅರ್ಧಕ್ಕೆ ಗೀಟು ಹಾಕಿದೆ. ಅಂಥ ಪುಸ್ತಕಗಳೇ ಇರಲಿಲ್ಲ.

ಮರುದಿನ ಬಂದಾಗ ಅವಳ ನೋಟ್‌ಬುಕ್‌ನಲ್ಲಿ 'ಎಪಿಗ್ರಾಫಿಯಾ ಕರ್ನಾಟಿಕಾ, ಸಂಪುಟ 7' ಎಂದಿತ್ತು. ಚನ್ನಗಿರಿಯ ಶಾಸನಗಳಿರುವುದು ಅದರಲ್ಲೇ. ಅದರ ಕೆಳಗೆ ಸೂಳೆಕೆರೆಗೆ ಐದು ಬಗೆಯ ಇಂಗ್ಲಿಷ್ ಸ್ಪೆಲಿಂಗ್ ಬರೆದುಕೊಂಡಿದ್ದಳು.