ಗೆರೆ ಕುಸಿದಿದೆ ಎಂದು ಈಕ್ಯೂ ಮುಟ್ಟುವ ಮುನ್ನ

ಸ್ಪೀಕರ್‌ಗಳ ಸದ್ದನ್ನು ಅಳೆಯುವ ಮಾಪನ ಸಾಫ್ಟ್‌ವೇರ್ ಕಲಿಯಲು ಕೂತ ಹೊಸತರಲ್ಲಿ ನಾನು ಮಾಡಿದ್ದು ಒಂದೇ ಕೆಲಸ. ಯಾವ ಆವರ್ತನದಲ್ಲಿ ಸದ್ದು ಎಷ್ಟು ಎಂದು ಪರದೆಯ ಮೇಲೆ ತೋರಿಸುವ ಗೆರೆ ತಗ್ಗಿದಲ್ಲಿ ಈಕ್ಯೂ (ಆಯಾ ಆವರ್ತನದ ಸದ್ದನ್ನು ಏರಿಳಿಸುವ ಈಕ್ವಲೈಸರ್) ಏರಿಸುವುದು, ಉಬ್ಬಿದಲ್ಲಿ ಇಳಿಸುವುದು. ಗೆರೆ ನೇರವಾಯಿತು, ಸದ್ದು ಕೆಟ್ಟಿತು. ಆ ಗೆರೆ ಏನನ್ನು ಹೇಳುತ್ತದೆ, ಏನನ್ನು ಹೇಳುವುದಿಲ್ಲ ಎಂದು ತಿಳಿಯಲು ಬರೆದುಕೊಂಡ ಟಿಪ್ಪಣಿ ಇದು.

ಆರ್‌ಟಿಎ (ರಿಯಲ್ ಟೈಮ್ ಅನಲೈಸರ್) ಮೈಕ್‌ಗೆ ಬಿದ್ದದ್ದನ್ನಷ್ಟೇ ತೋರಿಸುತ್ತದೆ. ಬೇಸ್ ಹೆಚ್ಚಿರುವುದು ಹಾಡಿನಲ್ಲೋ ಸ್ಪೀಕರ್‌ನಲ್ಲೋ ಎಂಬುದು ಅದಕ್ಕೆ ಗೊತ್ತಾಗದು. ಸ್ಮಾರ್ಟ್ (Smaart), ಓಪನ್ ಸೌಂಡ್ ಮೀಟರ್‌ನಂಥ ಸಾಫ್ಟ್‌ವೇರ್‌ಗಳು ಎರಡು ಚಾನೆಲ್ ತೆಗೆದುಕೊಳ್ಳುತ್ತವೆ: ಮಿಕ್ಸರ್‌ನಿಂದ ನೇರ ಬಂದ ರೆಫರೆನ್ಸ್ ಒಂದು, ಮೈಕ್ ಕೇಳಿದ್ದು ಇನ್ನೊಂದು. ಇವೆರಡರ ನಡುವಿನ ವ್ಯತ್ಯಾಸವೇ ಟ್ರಾನ್ಸ್‌ಫರ್ ಫಂಕ್ಷನ್. ಹೋದದ್ದೇ ಬಂದರೆ ಗೆರೆ 0 ಡಿಬಿಯಲ್ಲಿ ಮಲಗಿರುತ್ತದೆ. ಹಾಗಾಗಿ ಹಾಡು ಹಾಕಿಯೂ ಅಳೆಯಬಹುದು. ಆದರೂ ಪಿಂಕ್ ನಾಯ್ಸ್ ವಾಸಿ. ಪ್ರತಿ ಆಕ್ಟೇವ್‌ನಲ್ಲೂ ಅದರ ಶಕ್ತಿ ಸಮ, ಯಾವ ಬ್ಯಾಂಡೂ ಖಾಲಿ ಉಳಿಯದು.

ಮೊದಲ ಕೆಲಸ ಡಿಲೇ ಹುಡುಕುವುದು. ಸದ್ದು 20 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸೆಕೆಂಡಿಗೆ ಸುಮಾರು 343 ಮೀಟರ್ ಸಾಗುತ್ತದೆ. 17 ಮೀಟರ್ ದೂರದ ಮೈಕ್‌ಗೆ ಅದು ತಲುಪುವಷ್ಟರಲ್ಲಿ 50 ಮಿಲಿಸೆಕೆಂಡ್ ಕಳೆದಿರುತ್ತದೆ. ರೆಫರೆನ್ಸನ್ನೂ ಅಷ್ಟೇ ತಡೆದು ನಿಲ್ಲಿಸದಿದ್ದರೆ ನಾವು ಹೋಲಿಸುತ್ತಿರುವುದು ಬೇರೆ ಬೇರೆ ಕ್ಷಣಗಳನ್ನು. ಆಗ ಫೇಸ್ ಗೆರೆ (ಅಲೆ ತನ್ನ ಸುತ್ತಿನ ಯಾವ ಹಂತದಲ್ಲಿದೆ ಎಂದು ಡಿಗ್ರಿಯಲ್ಲಿ ತೋರಿಸುವುದು) ಗರಗಸದಂತೆ ಸುತ್ತತೊಡಗುತ್ತದೆ, ಕೊಹೆರೆನ್ಸ್ ಬೀಳುತ್ತದೆ.

ಕೊಹೆರೆನ್ಸ್ ಎಂದರೆ ಈ ಅಳತೆಯನ್ನು ಎಷ್ಟು ನಂಬಬಹುದು ಎಂಬುದರ ಅಂಕ, 0ಯಿಂದ 1ರವರೆಗೆ. ಗದ್ದಲ, ಪ್ರತಿಧ್ವನಿ, ತಪ್ಪು ಡಿಲೇ, ಎಲ್ಲವೂ ಅದನ್ನು ಕೆಡಿಸುತ್ತವೆ. ನನ್ನ ಮಟ್ಟಿಗೆ ಪರದೆಯಲ್ಲಿ ಮೊದಲು ನೋಡಬೇಕಾದ ಗೆರೆ ಇದೇ. ಕೊಹೆರೆನ್ಸ್ ನೆಲಕಚ್ಚಿರುವ ಕಡೆ ಮ್ಯಾಗ್ನಿಟ್ಯೂಡ್ ಗೆರೆ (ಸದ್ದಿನ ಮಟ್ಟ ತೋರಿಸುವುದು) ಏನು ಹೇಳಿದರೂ ಈಕ್ಯೂಗೆ ಕೈ ಹಾಕುವುದಿಲ್ಲ.

ಈಗ ನನ್ನನ್ನು ಹಲವು ಸಲ ಬೀಳಿಸಿದ ಗುಂಡಿ. ಸ್ಪೀಕರ್ 2 ಮೀಟರ್ ಎತ್ತರದಲ್ಲಿದೆ, ಮೈಕ್ 1.2 ಮೀಟರ್ ಎತ್ತರದಲ್ಲಿ, ನಡುವೆ 4 ಮೀಟರ್ ಅಂತರ ಎನ್ನಿ. ನೇರ ದಾರಿ ಸುಮಾರು 4.08 ಮೀಟರ್; ನೆಲಕ್ಕೆ ಬಡಿದು ಬರುವ ದಾರಿ 5.12. ಸುಮಾರು 3 ಮಿಲಿಸೆಕೆಂಡ್ ತಡವಾಗಿ ಬರುವ ಈ ಎರಡನೆಯ ಸದ್ದು 165 ಹರ್ಟ್ಸ್ ಆಸುಪಾಸಿನಲ್ಲಿ ಮೊದಲನೆಯದಕ್ಕೆ ತಿರುಗಿ ನಿಂತು ಅದನ್ನು ತಿನ್ನುತ್ತದೆ. ಅದರ ಬೆಸ ಗುಣಕಗಳಾದ 490, 820 ಹರ್ಟ್ಸ್ ಹತ್ತಿರವೂ ಇದೇ ಕಥೆ. ಇದೇ ಕೋಂಬ್ ಫಿಲ್ಟರ್. 165ರಲ್ಲಿ 6 ಡಿಬಿ ಏರಿಸಿದರೆ ನೇರ ಸದ್ದೂ ಏರುತ್ತದೆ, ನೆಲದ ಸದ್ದೂ ಅಷ್ಟೇ ಏರುತ್ತದೆ. ಗುಂಡಿ ಇದ್ದ ಹಾಗೇ ಇರುತ್ತದೆ, ಆಂಪ್‌ನ ಹೆಡ್‌ರೂಮ್ (ಕೈಯಲ್ಲಿ ಉಳಿದಿರುವ ಶಕ್ತಿ) ಮಾತ್ರ ಹೋಗುತ್ತದೆ. ಮೈಕನ್ನು ನೆಲದ ಮೇಲೇ ಮಲಗಿಸಿ ಅಳೆದು ನೋಡಿ: ಎರಡು ದಾರಿಗಳೂ ಒಂದಾಗಿ ಗುಂಡಿ ಮಾಯ. ಮೈಕ್ ಒಂದು ಹೆಜ್ಜೆ ಸರಿಸಿದಾಗ ಜಾಗ ಬದಲಿಸುವ ತಗ್ಗು ಸಮಯದ ಸಮಸ್ಯೆ, ಈಕ್ಯೂವಿನದಲ್ಲ. ನಾಲ್ಕೈದು ಕಡೆ ಅಳೆದರೂ ಅದೇ ಜಾಗದಲ್ಲಿ ಅಗಲವಾಗಿ ಕಾಣುವ ಉಬ್ಬು ಈಕ್ಯೂಗೆ ಸಿಕ್ಕುವ ಬೇಟೆ.

ಸಬ್ (ಬೇಸ್‌ಗೆಂದೇ ಇರುವ ಸ್ಪೀಕರ್) ಮತ್ತು ಮೇನ್ (ಉಳಿದದ್ದನ್ನು ನುಡಿಸುವ ಮುಖ್ಯ ಸ್ಪೀಕರ್) ಹೊಂದಿಸುವಾಗ ಫೇಸ್ ಗೆರೆ ಓದಲು ಬರಲೇಬೇಕು. ಸಮಾನ ಮಟ್ಟದ ಎರಡು ಸದ್ದುಗಳು ಫೇಸ್‌ನಲ್ಲಿ ಕೂಡಿದರೆ 6 ಡಿಬಿ ಲಾಭ. 90 ಡಿಗ್ರಿ ತಪ್ಪಿದರೆ 3. 120ಕ್ಕೆ ಲಾಭ ಸೊನ್ನೆ. 180ಕ್ಕೆ ಎರಡೂ ಸತ್ತವು. 100 ಹರ್ಟ್ಸ್‌ನ ಒಂದು ಸುತ್ತು 10 ಮಿಲಿಸೆಕೆಂಡ್, ಅಂದರೆ ಬರೀ 2.5 ಮಿಲಿಸೆಕೆಂಡ್ ತಪ್ಪಿದರೂ 90 ಡಿಗ್ರಿ ಹೋಯಿತು.

ಕ್ರಮ ಹೀಗೆ: ಮೇನ್ ಒಂದನ್ನೇ ನುಡಿಸಿ, ಡಿಲೇ ಹುಡುಕಿಸಿ, ಗೆರೆ ಉಳಿಸಿಕೊಳ್ಳಿ. ಆಮೇಲೆ ಮೇನ್ ಮುಚ್ಚಿ ಸಬ್ ಅಳೆಯಿರಿ. ಈ ಹೊತ್ತಿಗೆ ಡಿಲೇ ಬಟನ್ ಮತ್ತೆ ಒತ್ತಿದಿರೋ, ಎರಡನ್ನೂ ಹೋಲಿಸಲು ಇದ್ದ ಅಳತೆಗೋಲೇ ಕಳೆದುಹೋಯಿತು! ಸಬ್‌ನ ಇಂಪಲ್ಸ್ (ಚುಟುಕು ಸದ್ದಿಗೆ ಸ್ಪೀಕರ್ ಕೊಡುವ ಉತ್ತರ) ಮೊಂಡಾಗಿರುವುದರಿಂದ ಸಾಫ್ಟ್‌ವೇರ್ ಹೇಳುವ ಸಂಖ್ಯೆಯೂ ಅಷ್ಟಕ್ಕಷ್ಟೆ. ಎರಡರಲ್ಲಿ ಮೊದಲು ಬಂದದ್ದಕ್ಕೆ ಡಿಲೇ ಕೊಡುತ್ತಾ ಹೋಗಿ. ಎರಡು ಫೇಸ್ ಗೆರೆಗಳು ಒಂದು ಬಿಂದುವಿನಲ್ಲಿ ದಾಟಿದರೆ ಸಾಲದು. ಎರಡೂ ಸದ್ದು ಮಾಡುವ ಇಡೀ ಬ್ಯಾಂಡ್‌ನಲ್ಲಿ ಒಂದರ ಮೇಲೊಂದು ಕೂರಬೇಕು. ಓರೆಯೇ ಬೇರೆಯಿದ್ದರೆ ಕ್ರಾಸ್‌ಓವರ್ ಫಿಲ್ಟರ್‌ಗಳನ್ನು (ಬೇಸನ್ನು ಸಬ್‌ಗೆ, ಉಳಿದದ್ದನ್ನು ಮೇನ್‌ಗೆ ಹಂಚುವವು) ಮತ್ತೆ ನೋಡಿ.

ಸರಿಯಾಯಿತೇ ಎಂದು ತಿಳಿಯಲು ಸಬ್‌ನ ಪೊಲಾರಿಟಿ (ಪ್ಲಸ್-ಮೈನಸ್) ತಿರುಗಿಸಿ, ಎರಡನ್ನೂ ಒಟ್ಟಿಗೆ ಅಳೆಯಿರಿ. ಕ್ರಾಸ್‌ಓವರ್ ಜಾಗದಲ್ಲಿ ಆಳವಾದ ಹಳ್ಳ ಬಿದ್ದರೆ ಹೊಂದಾಣಿಕೆ ಸರಿಯಿದೆ. ಆಮೇಲೆ ಪೊಲಾರಿಟಿಯನ್ನು ಮರಳಿ ಮೊದಲಿನಂತೆ ಇಡಿ. ನಾನೊಮ್ಮೆ ಅದನ್ನು ಮರೆತು ಇಡೀ ಸಂಜೆ ಬೇಸ್ ಎಲ್ಲಿ ಹೋಯಿತೆಂದು ಹುಡುಕಿದ್ದೇನೆ.