ಸೌಂಡ್ ಕಾರ್ಡ್ ಕೊಳ್ಳುವ ಮುನ್ನ ನೀಲಿ ಜ್ಯಾಕ್ ನೋಡಿ

ಏಪ್ರಿಲ್, ಮೇ ತಿಂಗಳ ಸಂಜೆ ಗುಡುಗು ಶುರುವಾದರೆ ಮಲೆನಾಡಿನ ಮನೆಗಳಲ್ಲಿ ಪ್ಲಗ್ ಕೀಳುವುದೇ ಕೆಲಸ. ಟಿವಿ, ಫ್ರಿಜ್, ಇಂಟರ್‌ನೆಟ್ ಪೆಟ್ಟಿಗೆ ಎಲ್ಲ ಕಿತ್ತು ಕಂಪ್ಯೂಟರ್ ನೆನಪಾಗುವಷ್ಟರಲ್ಲಿ ಎಲ್ಲೋ ಹತ್ತಿರದಲ್ಲೇ ಸಿಡಿಲು ಹೊಡೆದಿರುತ್ತದೆ. ಮರುದಿನ ಕಂಪ್ಯೂಟರ್ ಆನ್ ಆಗುತ್ತದೆ, ಚಿತ್ರವೂ ಬರುತ್ತದೆ. ಸದ್ದು ಮಾತ್ರ ಇಲ್ಲ. ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆಯವರು ಪೇಟೆ ಕೆಲಸಕ್ಕೆ ಶಿವಮೊಗ್ಗಕ್ಕೆ ಬಂದಾಗ ಕಂಪ್ಯೂಟರ್ ಅಂಗಡಿಗೂ ಹೋಗುತ್ತಾರೆ. "ಸೌಂಡ್ ಕಾರ್ಡ್ ಹೋಗಿದೆ, ಒಂದು ಹೊಸದು ಕೊಡಿ" ಅನ್ನುತ್ತಾರೆ. ಕಂಪ್ಯೂಟರಿನಲ್ಲಿ ದನಿಯನ್ನು ಒಳಗೆ ತೆಗೆದುಕೊಳ್ಳುವ, ಹೊರಗೆ ಬಿಡುವ ಭಾಗವೇ ಅದು. ಅಂಗಡಿಯವರು ಬೆರಳುದ್ದದ ಯುಎಸ್‌ಬಿ ಕಡ್ಡಿಯೊಂದನ್ನು ಕೊಡುತ್ತಾರೆ. ಕೆಲವು ನೂರು ರೂಪಾಯಿ. ಮನೆಗೆ ತಂದು ಚುಚ್ಚಿದರೆ ಹಾಡು ಕೇಳುತ್ತದೆ. ಅಲ್ಲಿಗೆ ಮುಗಿಯಿತು ಅಲ್ವಾ?

ಹಾಡು ಕೇಳುವುದಷ್ಟೇ ಬೇಕಿದ್ದರೆ ಮುಗಿಯಿತು. ಆದರೆ ನಮ್ಮ ಕಡೆಯ ಎಷ್ಟೋ ಮನೆಗಳಲ್ಲಿ ಕಂಪ್ಯೂಟರಿಗೆ ಇನ್ನೊಂದು ಕೆಲಸ ಬಾಕಿ ಇದೆ. ಅಟ್ಟದ ಮೇಲಿನ ಡಬ್ಬಿಯಲ್ಲಿ ಹಳೇ ಕ್ಯಾಸೆಟ್ಟುಗಳಿವೆ. ದೇವಸ್ಥಾನದ ಅಂಗಳದಲ್ಲಿ ನಡೆದ ತಾಳಮದ್ದಳೆ, ರಾತ್ರಿಯಿಡೀ ಆದ ಯಕ್ಷಗಾನದ ಆಟ, ಭದ್ರಾವತಿ ಆಕಾಶವಾಣಿಯಿಂದ ಹಿಡಿದಿಟ್ಟ ಕಾರ್ಯಕ್ರಮ, ಮದುವೆಯಲ್ಲಿ ಅಜ್ಜಿ ಹೇಳಿದ ಹಾಡು. ಬೂಸ್ಲು ಹಿಡಿದು ಟೇಪು ಅಂಟಿಕೊಳ್ಳುವ ಮೊದಲು ಅವನ್ನು ಕಂಪ್ಯೂಟರಿಗೆ ಇಳಿಸಬೇಕು. ಆ ಕೆಲಸಕ್ಕೆ ಈ ಕಡ್ಡಿ ಆಗಿಬರುವುದಿಲ್ಲ. ಸೌಂಡ್ ಕಾರ್ಡ್ ಆರಿಸುವಾಗ ಎಲ್ಲರ ಲಕ್ಷ್ಯವೂ ಹೊರಗೆ ಬರುವ ದನಿಯ ಮೇಲೆ. ನನ್ನ ಪ್ರಕಾರ ದುಡ್ಡು ಮತ್ತು ತಲೆ ಎರಡನ್ನೂ ಖರ್ಚು ಮಾಡಬೇಕಾದದ್ದು ಒಳಗೆ ಹೋಗುವ ದನಿಗೆ.

ಅದಕ್ಕೂ ಮೊದಲು, ಹೋಗಿದೆ ಅಂದುಕೊಂಡದ್ದು ನಿಜಕ್ಕೂ ಹೋಗಿದೆಯಾ? ಮಲೆನಾಡಿನಲ್ಲಿ ಸಿಡಿಲಿನಷ್ಟೇ ಕಾಟ ತೇವದ್ದು. ವರ್ಷಕ್ಕೆ ಸುಮಾರು 7,500 ಮಿಲಿಮೀಟರ್ ಮಳೆ ಬೀಳುವ ಆಗುಂಬೆಯ ಸುತ್ತಮುತ್ತ ಮಳೆಗಾಲದಲ್ಲಿ ಗೋಡೆ, ಬಟ್ಟೆ, ಚಪ್ಪಲಿ ಯಾವುದೂ ಒಣಗಿರುವುದಿಲ್ಲ. ಹೆಡ್‌ಫೋನ್, ಸ್ಪೀಕರಿನ ಪಿನ್ ಚುಚ್ಚುವ ತೂತು ಇದೆಯಲ್ಲ, ಆ ಜ್ಯಾಕಿನ ಒಳಗಿನ ಸಣ್ಣ ಲೋಹದ ಪಟ್ಟಿಗಳೂ ಕಿಲುಬು ಹಿಡಿಯುತ್ತವೆ. ಆಗ ಕರೆಂಟು ಸರಿಯಾಗಿ ದಾಟುವುದಿಲ್ಲ. ಪಿನ್ನನ್ನು ತಿರುಗಿಸಿದಾಗ ಒಂದು ಕಿವಿಯಲ್ಲಿ ಸದ್ದು ಬಂದು ಹೋಗಿ ಮಾಡಿದರೆ ಚಿಪ್ ಬದುಕಿದೆ ಅಂತಲೇ ಅರ್ಥ. ಕಾಂಟ್ಯಾಕ್ಟ್ ಕ್ಲೀನರ್ ಸ್ಪ್ರೇ ಹೊಡೆದು ನೋಡಿ. ಸ್ಲಾಟಿನಲ್ಲಿ ಕೂರುವ ಕಾರ್ಡಾದರೆ ಅದರ ಚಿನ್ನದ ಬಣ್ಣದ ಹಲ್ಲುಗಳನ್ನು ಪೆನ್ಸಿಲ್ ರಬ್ಬರಿನಿಂದ ಮೆಲ್ಲಗೆ ಉಜ್ಜಿ, ಪುಡಿ ಒರೆಸಿ ಮತ್ತೆ ಕೂರಿಸುವುದು ರಿಪೇರಿಯವರ ಹಳೇ ಉಪಾಯ. ಕೆಲವು ಸಲ ವಿಂಡೋಸ್ ತಾನಾಗಿಯೇ ಸದ್ದನ್ನು ಎಚ್‌ಡಿಎಂಐ ಮೂಲಕ ಮಾನಿಟರಿಗೆ ಕಳಿಸುತ್ತಿರುತ್ತದೆ. ಮಾನಿಟರಿಗೆ ಸ್ಪೀಕರೇ ಇರುವುದಿಲ್ಲ! ಇನ್ನೂ ಅನುಮಾನವಿದ್ದರೆ ವಿಂಡೋಸಿನ ಬದಲು ಲಿನಕ್ಸ್ ಅನ್ನುವ ಇನ್ನೊಂದು ಆಪರೇಟಿಂಗ್ ಸಿಸ್ಟಮ್ಮನ್ನು ಪೆನ್‌ಡ್ರೈವಿನಿಂದ ಬೂಟ್ ಮಾಡಿ ನೋಡಿ. ಅಲ್ಲಿ ಸದ್ದು ಬಂದರೆ ತೊಂದರೆ ಇರುವುದು ವಿಂಡೋಸಿನ ಡ್ರೈವರ್ (ಸಾಧನವನ್ನು ನಡೆಸುವ ಸಾಫ್ಟ್‌ವೇರ್) ಅಥವಾ ಸೆಟ್ಟಿಂಗಿನಲ್ಲಿ. ಸಿಡಿಲೇ ಹೊಡೆದದ್ದು ಖಚಿತವಾದರೆ ಕಾರ್ಡಿಗೆ ಹೋಗುವ ಮೊದಲು ಮುಖ್ಯ ಫೈಲುಗಳನ್ನು ಬೇರೆ ಡಿಸ್ಕಿಗೆ ಕಾಪಿ ಮಾಡಿಕೊಳ್ಳಿ. ಸದ್ದಿನ ಚಿಪ್ಪನ್ನು ಸುಟ್ಟ ವೋಲ್ಟೇಜ್ ಅದರ ಅಕ್ಕಪಕ್ಕದವನ್ನೂ ಮುಟ್ಟದೆ ಬಿಟ್ಟಿದೆ ಅಂತ ಹೇಳಲಾಗದು.

ಸೌಂಡ್ ಕಾರ್ಡ್ ಅನ್ನುವುದು ಒಂದು ಕಾಲಕ್ಕೆ ಬೇರೆಯಾಗಿಯೇ ಕೊಳ್ಳಬೇಕಾದ ಸಾಮಾನಾಗಿತ್ತು. 1981ರ ಐಬಿಎಂ ಪಿಸಿಗೆ ಬೀಪ್ ಅನ್ನುವ ಪುಟ್ಟ ಸ್ಪೀಕರ್ ಬಿಟ್ಟರೆ ಬೇರೆ ಗಂಟಲಿರಲಿಲ್ಲ. 1987ರಲ್ಲಿ ಬಂದ ಆ್ಯಡ್‌ಲಿಬ್ ಕಾರ್ಡ್ ಯಮಹಾ ಚಿಪ್ಪಿನಿಂದ ಸಂಗೀತ ಹೊರಡಿಸಿತು. 1989ರಲ್ಲಿ ಸಿಂಗಪುರದ ಕ್ರಿಯೇಟಿವ್ ಕಂಪನಿ ಸೌಂಡ್ ಬ್ಲಾಸ್ಟರ್ ತಂದಿತು. ಅದು ದನಿಯನ್ನು ರೆಕಾರ್ಡ್ ಕೂಡ ಮಾಡುತ್ತಿತ್ತು, 8 ಬಿಟ್‌ನಲ್ಲಿ, ಒಂದೇ ಚಾನೆಲ್. ಇಂಟೆಲ್ 1997ರಲ್ಲಿ ಎಸಿ 97 ಎಂಬ ಮಾನದಂಡ ಹೊರಡಿಸಿದ ಮೇಲೆ ಸದ್ದಿನ ಚಿಪ್ ಮದರ್‌ಬೋರ್ಡಿನ ಮೇಲೇ ಬಂದು ಕೂತಿತು. ಇವತ್ತು ಹೋಗಿದೆ ಅನ್ನುವುದು ಬಹುಪಾಲು ಆ ಉಗುರಗಲದ ಚಿಪ್ಪೇ. ಅದನ್ನು ಕಿತ್ತು ಬೆಸುಗೆ ಹಾಕಿಸುವುದಕ್ಕಿಂತ ಪಕ್ಕದಲ್ಲಿ ಇನ್ನೊಂದನ್ನು ಜೋಡಿಸುವುದು ಸುಲಭ, ಅಗ್ಗ.

ಈಗ ಬಾಕ್ಸಿನ ಮೇಲಿನ ಅಂಕಿಗಳಿಗೆ ಬರೋಣ. 24 ಬಿಟ್, 192 ಕಿಲೋಹರ್ಟ್ಜ್ ಅಂತ ದಪ್ಪಕ್ಷರದಲ್ಲಿ ಬರೆದಿರುತ್ತಾರೆ. ಅಡಿಕೆ ತೋಟದವರು ಬೆಳಿಗ್ಗೆ ಎದ್ದು ಮಳೆಮಾಪಕ ನೋಡಿ ಡೈರಿಯಲ್ಲಿ ಇಂತಿಷ್ಟು ಇಂಚು ಅಂತ ಬರೆದಿಡುತ್ತಾರಲ್ಲ, ಸೌಂಡ್ ಕಾರ್ಡ್ ಮಾಡುವುದೂ ಅದನ್ನೇ. ದಿನಕ್ಕೊಂದು ಸಲದ ಬದಲು ಸೆಕೆಂಡಿಗೆ 44,100 ಸಲ ವೋಲ್ಟೇಜ್ ಅಳೆದು ಬರೆಯುತ್ತದೆ. ಸೆಕೆಂಡಿಗೆ ಎಷ್ಟು ಸಲ ಅಳೆಯುತ್ತದೆ ಅನ್ನುವುದೇ ಕಿಲೋಹರ್ಟ್ಜ್ ಲೆಕ್ಕ. ಅಳತೆಗೋಲಿನ ಮೇಲೆ ಎಷ್ಟು ಗೀಟುಗಳಿವೆ ಅನ್ನುವುದು ಬಿಟ್ ಲೆಕ್ಕ. 16 ಬಿಟ್ ಅಂದರೆ 65,536 ಗೀಟು. 24 ಬಿಟ್ ಅಂದರೆ ಸುಮಾರು 1 ಕೋಟಿ 67 ಲಕ್ಷ.

ಹೋಲಿಕೆ ಇಲ್ಲಿಗೇ ನಿಲ್ಲುತ್ತದೆ. ಎರಡು ಬೆಳಗಿನ ನಡುವೆ ಯಾವ ಹೊತ್ತಿಗೆ ಮಳೆ ಸುರಿಯಿತು ಅಂತ ಡೈರಿ ಹೇಳಲಾರದು. ದನಿಯಲ್ಲಿ ಹಾಗಲ್ಲ. ಎಂಜಿನಿಯರ್ ಹ್ಯಾರಿ ನೈಕ್ವಿಸ್ಟ್ 1928ರಲ್ಲಿ ಬುನಾದಿ ಹಾಕಿದ್ದನ್ನು ಗಣಿತಜ್ಞ ಕ್ಲಾಡ್ ಶಾನನ್ 1949ರಲ್ಲಿ ಗಣಿತದಿಂದ ಸಾಧಿಸಿ ತೋರಿಸಿದರು. ದನಿಯಲ್ಲಿರುವ ಅತಿ ವೇಗದ ಕಂಪನದ ಎರಡು ಪಟ್ಟಿಗಿಂತ ಜಾಸ್ತಿ ಸಲ ಅಳೆದರೆ ಸಾಕು, ಅಳತೆಗಳ ನಡುವಿನ ಅಲೆಯೂ ಪೂರ್ತಿ ಮರಳಿ ಸಿಗುತ್ತದೆ. ಮನುಷ್ಯರ ಕಿವಿ ಕೇಳುವುದು ಹೆಚ್ಚೆಂದರೆ 20,000 ಹರ್ಟ್ಜ್‌ವರೆಗೆ. ವಯಸ್ಸಾದಂತೆ ಆ ಮಿತಿ ಇಳಿಯುತ್ತಾ ಹೋಗುತ್ತದೆ. ಹಾಗಾಗಿ ಸಿಡಿಯ 44,100 ಅಥವಾ ವಿಡಿಯೋದವರ 48,000 ನಮ್ಮ ಕಿವಿಗೆ ಸಾಕಷ್ಟಾಯಿತು. 192 ಕಿಲೋಹರ್ಟ್ಜ್‌ನಲ್ಲಿ ಹಳೇ ಕ್ಯಾಸೆಟ್ ಇಳಿಸಿದರೆ ಡಿಸ್ಕ್ ತುಂಬುತ್ತದೆ, ಹೊಸದೇನೂ ಕೇಳಿಸುವುದಿಲ್ಲ.

ಬಿಟ್ ವಿಚಾರ ಹಾಗೆ ತಳ್ಳಿಹಾಕುವಂಥದ್ದಲ್ಲ. ಹಿಡಿಯಬಹುದಾದ ಅತಿ ಮೆಲ್ಲನೆಯ ದನಿಗೂ ಅತಿ ಜೋರಿನ ದನಿಗೂ ನಡುವೆ ಒಂದೊಂದು ಬಿಟ್ಟಿಗೂ ಸುಮಾರು 6 ಡೆಸಿಬೆಲ್ (ದನಿಯ ಜೋರಿನ ಅಳತೆ) ಅಂತರ ಸಿಗುತ್ತದೆ. 16 ಬಿಟ್ಟಿಗೆ 96 ಡೆಸಿಬೆಲ್. ಸಾಧಾರಣ ಕ್ಯಾಸೆಟ್ಟಿನಲ್ಲಿ ಟೇಪಿನ ಸುಯ್ ಅನ್ನುವ ಸದ್ದಿಗೂ ಅತಿ ಜೋರಿನ ದನಿಗೂ ಇರುವ ಅಂತರವೇ 50–60 ಡೆಸಿಬೆಲ್. ಅಂದರೆ 16 ಬಿಟ್ ಧಾರಾಳ. 24 ಬಿಟ್ಟಿನಿಂದ ಆಗುವ ಉಪಕಾರ ಬೇರೆ. ಭಾಗವತರು ಮೆಲುದನಿಯಲ್ಲಿ ಪದ ಹೇಳುತ್ತಿರುವಾಗ ರೆಕಾರ್ಡಿಂಗಿನ ಮಟ್ಟ ಹೊಂದಿಸಿರುತ್ತೀರಿ. ಇದ್ದಕ್ಕಿದ್ದಂತೆ ಚಂಡೆ ಬೀಳುತ್ತದೆ. ಮಟ್ಟ ಗರಿಷ್ಠ ದಾಟಿ ಅಲೆಯ ತಲೆ ಕತ್ತರಿಸಿ ಹೋಗುತ್ತದೆ. ಆಮೇಲೆ ಯಾವ ಸಾಫ್ಟ್‌ವೇರೂ ಅದನ್ನು ಪೂರ್ತಿ ಸರಿಮಾಡದು. 24 ಬಿಟ್ ಇದ್ದರೆ ಮೊದಲೇ ಮಟ್ಟವನ್ನು ಸಾಕಷ್ಟು ತಗ್ಗಿಸಿ ನಿಶ್ಚಿಂತೆಯಿಂದ ಹಿಡಿಯಬಹುದು, ಆಮೇಲೆ ಏರಿಸಿಕೊಳ್ಳಬಹುದು.

ಮುಖ್ಯ ಸಂಗತಿ ಜ್ಯಾಕ್. ಹಳೇ ಡೆಸ್ಕ್‌ಟಾಪಿನ ಹಿಂದೆ ಮೂರು ಬಣ್ಣದ ಜ್ಯಾಕುಗಳಿರುತ್ತವೆ. ಹಸಿರು ಸ್ಪೀಕರಿಗೆ, ಗುಲಾಬಿ ಮೈಕಿಗೆ, ತಿಳಿನೀಲಿ ಲೈನ್ ಇನ್‌ಗೆ, ಅಂದರೆ ಟೇಪ್ ಡೆಕ್ಕಿನಂಥ (ಕ್ಯಾಸೆಟ್ ಪ್ಲೇಯರ್) ಸಾಧನದ ದನಿಯನ್ನು ಒಳಗೆ ತರುವುದಕ್ಕೆ. ನೀಲಿಯನ್ನು ಬಹಳ ಜನ ಮುಟ್ಟಿಯೇ ಇರುವುದಿಲ್ಲ. ಗಾತ್ರ ಒಂದೇ, ಪಿನ್ನು ಯಾವುದಕ್ಕಾದರೂ ಹೋಗುತ್ತದೆ. ಆದರೆ ಒಳಗಿನ ಲೋಕ ಬೇರೆ. ಮೈಕಿನಿಂದ ಬರುವುದು ಕೆಲವೇ ಮಿಲಿವೋಲ್ಟ್. ಆದ್ದರಿಂದ ಗುಲಾಬಿ ಜ್ಯಾಕಿನ ಹಿಂದೆ ಅದನ್ನು ಬಲವಾಗಿ ಹಿಗ್ಗಿಸುವ ಆಂಪ್ಲಿಫಯರ್ ಇರುತ್ತದೆ. ಜೊತೆಗೆ ಮೈಕಿಗೆ ಬೇಕಾದ ಕೆಲವು ವೋಲ್ಟ್ ಕರೆಂಟನ್ನೂ ಅದೇ ಕೊಡುತ್ತದೆ. ಟೇಪ್ ಡೆಕ್ಕಿನ ಲೈನ್ ಔಟ್‌ನಿಂದ ಬರುವುದು ಸುಮಾರು 0.3 ವೋಲ್ಟ್, ಮೈಕಿನದ್ದಕ್ಕಿಂತ ನೂರು ಪಟ್ಟಿನ ಆಸುಪಾಸು. ಅದನ್ನು ತಂದು ಗುಲಾಬಿಗೆ ಚುಚ್ಚಿದರೆ ದನಿ ಒಡೆದು ಗೊರಗೊರ ಅನ್ನುತ್ತದೆ. ಜನ ಕ್ಯಾಸೆಟ್ಟೇ ಹಾಳಾಗಿದೆ ಅಂತ ಡಬ್ಬಿಗೆ ವಾಪಸ್ ಹಾಕುತ್ತಾರೆ. ಕ್ಯಾಸೆಟ್ ಚೆನ್ನಾಗಿಯೇ ಇರುತ್ತದೆ!

ಆ ಅಗ್ಗದ ಯುಎಸ್‌ಬಿ ಕಡ್ಡಿಗೆ ಇರುವುದು ಎರಡೇ ಜ್ಯಾಕ್. ಒಂದು ಹೆಡ್‌ಫೋನಿಗೆ, ಒಂದು ಮೈಕಿಗೆ. ಮೈಕಿನದ್ದೂ ಸಾಮಾನ್ಯವಾಗಿ ಮೊನೊ, ಅಂದರೆ ಎಡ ಬಲ ಎರಡರ ಬದಲು ಒಂದೇ ಚಾನೆಲ್. ಹಾಗಿದ್ದರೂ ಅದರ ಮೈಮೇಲೆ 7.1 ಅಂತ ಅಚ್ಚು ಹಾಕಿರುತ್ತಾರೆ. ಎರಡು ಕಿವಿಯ ಹೆಡ್‌ಫೋನಿನಲ್ಲಿ ಎಂಟು ಸ್ಪೀಕರಿನ ಭ್ರಮೆ ಹುಟ್ಟಿಸುವ ಸಾಫ್ಟ್‌ವೇರ್ ಇದೆ ಅನ್ನುವುದಷ್ಟೇ ಅದರ ಅರ್ಥ. ಸುಮ್ನೆ ಆ ಅಂಕಿ ನೋಡಿ ಮರುಳಾಗಬೇಡಿ. ನಮ್ಮೂರಿನ ಆಟವನ್ನು ಒಂದೇ ಮೈಕಿನ ಟೇಪ್ ರೆಕಾರ್ಡರಿನಲ್ಲಿ ಹಿಡಿದದ್ದು, ಅದು ಹೇಗೂ ಮೊನೊ, ಒಂದು ಚಾನೆಲ್ ಸಾಲದೇ ಅಂತ ಯಾರಾದರೂ ಕೇಳಬಹುದು. ನ್ಯಾಯವಾದ ಪ್ರಶ್ನೆಯೇ. ಆದರೆ ಹಳೇ ಟೇಪಿನ ಒಂದು ಅಂಚು ಸವೆದು ಇನ್ನೊಂದು ಚೆನ್ನಾಗಿ ಉಳಿದಿರುವುದುಂಟು. ಸ್ಟೀರಿಯೋ ಡೆಕ್ಕಿನಲ್ಲಿ ಹಾಕಿ ಎರಡು ಚಾನೆಲ್ಲನ್ನೂ ಬೇರೆ ಬೇರೆ ಇಳಿಸಿಕೊಂಡರೆ ಆಮೇಲೆ ಚೆನ್ನಾಗಿರುವುದನ್ನು ಮಾತ್ರ ಇಟ್ಟುಕೊಳ್ಳಬಹುದು.

ಹಾಗಾಗಿ ಬೇಕಾದದ್ದು ಸ್ಟೀರಿಯೋ ಲೈನ್ ಇನ್ ಇರುವ ಯುಎಸ್‌ಬಿ ಆಡಿಯೋ ಇಂಟರ್‌ಫೇಸ್, ಅಂದರೆ ಕಂಪ್ಯೂಟರಿನ ಹೊರಗೆ ಕೂರುವ ಸೌಂಡ್ ಕಾರ್ಡಿನ ಪೆಟ್ಟಿಗೆ. ಬೆಹ್ರಿಂಗರ್ ಯುಸಿಎ 202 ಇದಕ್ಕೆ ಒಳ್ಳೇ ಉದಾಹರಣೆ: ಕೆಂಪು ಬಿಳಿ ಆರ್‌ಸಿಎ ಪಿನ್ನುಗಳಿಗೆ ಎರಡು ಇನ್‌ಪುಟ್, 16 ಬಿಟ್, 48 ಕಿಲೋಹರ್ಟ್ಜ್. ಅಂಕಿ ನೋಡಿದರೆ ಬಡಪಾಯಿ, ಕ್ಯಾಸೆಟ್ ಕೆಲಸಕ್ಕೆ ಸಾಕು. ಮುಂದೆ ಮನೆಯಲ್ಲೇ ಹಾಡುಗಾರಿಕೆ ರೆಕಾರ್ಡ್ ಮಾಡುವ ಆಸೆಯಿದ್ದರೆ 48 ವೋಲ್ಟ್ ಫ್ಯಾಂಟಮ್ ಪವರ್ (ಸ್ಟುಡಿಯೋ ಮೈಕಿಗೆ ಅದರ ಕೇಬಲ್ಲಿನಲ್ಲೇ ಕರೆಂಟು ಕೊಡುವ ಏರ್ಪಾಡು) ಇರುವ ಎರಡು ಇನ್‌ಪುಟ್ಟಿನ ಪೆಟ್ಟಿಗೆ ನೋಡಿ. ಖರ್ಚು ಜಾಸ್ತಿ. ಡಿಸ್ಕಿನ ಜಾಗದ ಲೆಕ್ಕವೂ ತಿಳಿದಿರಲಿ. ಸಿಡಿ ಗುಣಮಟ್ಟದಲ್ಲಿ ಒಂದು ಗಂಟೆಯ ಕ್ಯಾಸೆಟ್ಟಿಗೆ ಸುಮಾರು 635 ಎಂಬಿ ಹಿಡಿಯುತ್ತದೆ.

ಇನ್ನು ಒಳಗೆ ಕೂರುವ ಕಾರ್ಡು. ಹಳೇ ಪಿಸಿಐ ಕಾರ್ಡು ಈಗಿನ ಪಿಸಿಐ ಎಕ್ಸ್‌ಪ್ರೆಸ್ ಸ್ಲಾಟಿಗೆ ಹೋಗುವುದಿಲ್ಲ. ಹೆಸರು ಒಂದೇ ಥರ ಇದೆ ಅಂತ ಹಳೇ ಸಾಮಾನಿನವರಿಂದ ತಂದು ಪೇಚಾಡುವವರಿದ್ದಾರೆ. ಒಳಗಿನ ಕಾರ್ಡಿನ ದೊಡ್ಡ ತಲೆನೋವು ಡಬ್ಬದೊಳಗಿನ ಗದ್ದಲ. ಪವರ್ ಸಪ್ಲೈ, ಗ್ರಾಫಿಕ್ಸ್ ಕಾರ್ಡ್ ಎಲ್ಲ ಅಕ್ಕಪಕ್ಕದಲ್ಲೇ ಸ್ವಿಚ್ ಆಗುತ್ತಿರುತ್ತವೆ. ಮೌಸ್ ಆಡಿಸಿದರೆ ಸ್ಪೀಕರಿನಲ್ಲಿ ಚಿರ್ ಅನ್ನುವುದು ಅದಕ್ಕೇ. ಹೊರಗಿನ ಪೆಟ್ಟಿಗೆ ಇದರಿಂದ ದೂರ, ಆದರೆ ಪೂರ್ತಿ ಪಾರಲ್ಲ. ಯುಎಸ್‌ಬಿ ತಂತಿಯ 5 ವೋಲ್ಟ್ ಬರುವುದೂ ಅದೇ ಕಂಪ್ಯೂಟರಿನಿಂದ ತಾನೇ. ಕಂಪ್ಯೂಟರ್ ತುಂಬ ಹಳೆಯದಾಗಿ ವಿಂಡೋಸ್ 7 ಇದ್ದರೆ ಇನ್ನೊಂದು ಎಚ್ಚರ ಬೇಕು. ಯುಎಸ್‌ಬಿಯ ಸದ್ದಿನ ಸಾಧನಗಳಿಗೆ ಕ್ಲಾಸ್ 1, ಕ್ಲಾಸ್ 2 ಅಂತ ಹಳೇ, ಹೊಸ ಮಾನದಂಡಗಳಿವೆ. ಯುಎಸ್‌ಬಿ ಆಡಿಯೋ ಕ್ಲಾಸ್ 2ರ ಡ್ರೈವರ್ ವಿಂಡೋಸಿನೊಳಗೇ ಬಂದದ್ದು 2017ರಲ್ಲಿ, ವಿಂಡೋಸ್ 10ಕ್ಕೆ. ಹಳೆಯದಕ್ಕೆ ಕಂಪನಿಯ ಡ್ರೈವರ್ ಬೇಕು, ಇಲ್ಲವೇ ಕ್ಲಾಸ್ 1ರ ಸರಳ ಸಾಧನ ಕೊಳ್ಳಬೇಕು.

ಎಲ್ಲ ಸರಿ ಜೋಡಿಸಿದ ಮೇಲೂ ಕಾಡುವುದು ಹಮ್ಮಿಂಗ್. ಗುಂಯ್ ಅನ್ನುವ ತಗ್ಗಿನ ಸದ್ದು. ನಮ್ಮ ಕರೆಂಟು ಸೆಕೆಂಡಿಗೆ 50 ಸಲ ಆಂದೋಲಿಸುತ್ತದೆ. ಆ 50 ಹರ್ಟ್ಜ್, ಅದರ ಎರಡರಷ್ಟು, ಮೂರರಷ್ಟು ಎಲ್ಲ ಸೇರಿದ್ದೇ ಈ ಸದ್ದು. ಕಂಪ್ಯೂಟರ್ ಒಂದು ಕೋಣೆಯ ಪ್ಲಗ್ಗಿನಲ್ಲಿ, ಡೆಕ್ಕು ಅಥವಾ ಆಂಪ್ಲಿಫಯರ್ ಇನ್ನೊಂದು ಕೋಣೆಯ ಪ್ಲಗ್ಗಿನಲ್ಲಿ ಇದ್ದರೆ ಎರಡೂ ಬೇರೆ ಬೇರೆ ದಾರಿಯಲ್ಲಿ ಭೂಮಿ ಮುಟ್ಟುತ್ತವೆ. ಎರಡರ ನಡುವೆ ಸಣ್ಣ ವೋಲ್ಟೇಜ್ ವ್ಯತ್ಯಾಸ ಉಳಿಯುತ್ತದೆ. ಆಡಿಯೋ ಕೇಬಲ್ ಹಾಕಿದ ಕೂಡಲೇ ಅದರ ಹೊರತಂತಿಯಲ್ಲಿ ಆ ಕರೆಂಟು ಹರಿದು ಹಾಡಿನ ಜೊತೆ ಬೆರೆಯುತ್ತದೆ. ಸೌಂಡ್ ಕಾರ್ಡ್ ಎಷ್ಟೇ ದುಬಾರಿಯದಿರಲಿ, ಇದನ್ನು ತಾನಾಗಿ ತಡೆಯುವುದಿಲ್ಲ. ಲ್ಯಾಪ್‌ಟಾಪಾದರೆ ಚಾರ್ಜರ್ ಕಿತ್ತು ನೋಡಿ. ಸದ್ದು ನಿಂತರೆ ಕಾರಣ ಇದೇ.

ಮೊದಲ ಮದ್ದು ಪುಕ್ಕಟೆ: ಎಲ್ಲವನ್ನೂ ಒಂದೇ ಎಕ್ಸ್‌ಟೆನ್ಶನ್ ಬೋರ್ಡಿಗೆ ಹಾಕಿ. ಆಗಲೂ ಉಳಿದರೆ ಗ್ರೌಂಡ್ ಲೂಪ್ ಐಸೊಲೇಟರ್ ಅನ್ನುವ ಸಣ್ಣ ಸಾಧನ ಸಿಗುತ್ತದೆ. ಅದರೊಳಗೆ ಪುಟ್ಟ ಟ್ರಾನ್ಸ್‌ಫಾರ್ಮರುಗಳಿದ್ದು, ತಂತಿಯ ನೇರ ಸಂಪರ್ಕವಿಲ್ಲದೆ ದನಿಯನ್ನಷ್ಟೇ ದಾಟಿಸುತ್ತವೆ. ಕೆಲವರು ಮೂರು ಪಿನ್ನಿನ ಪ್ಲಗ್ಗಿನ ಅರ್ತ್ ಪಿನ್ನನ್ನೇ ಮುರಿದು ಹಾಕುತ್ತಾರೆ. ಸದ್ದು ನಿಲ್ಲುತ್ತದೆ, ನಿಜ. ಮಳೆಗಾಲದ ಒದ್ದೆ ನೆಲದ ಮೇಲೆ ಬರಿಗಾಲಲ್ಲಿ ನಿಂತು ಡೆಕ್ಕಿನ ಲೋಹದ ಮೈ ಮುಟ್ಟುವವರ ಜೀವಕ್ಕೆ ಅಪಾಯ. ಖಂಡಿತ ಬೇಡ. ಅರ್ತಿಂಗ್ ಗುಂಡಿಯ ಕಡೆಗೂ ಒಮ್ಮೆ ಹೋಗಿ ಬನ್ನಿ. ಜಂಬಿಟ್ಟಿಗೆ ಮಣ್ಣು ಬೇಸಿಗೆಯಲ್ಲಿ ಒಣಗಿ ಕರೆಂಟಿಗೆ ದಾರಿ ಬಿಡುವುದಿಲ್ಲ. ಇದ್ದಿಲು, ಉಪ್ಪು ಹಾಕಿದ ಗುಂಡಿಗೆ ಆಗಾಗ ನೀರು ಹೊಯ್ಯುವುದು ಅದಕ್ಕೇ.

ಅಂಗಡಿಗೆ ಹೋಗುವಾಗ ಟೇಪ್ ಡೆಕ್ಕಿನ ಹಿಂಭಾಗದ್ದೂ ಕಂಪ್ಯೂಟರಿನ ಹಿಂಭಾಗದ್ದೂ ಒಂದೊಂದು ಫೋಟೋ ಮೊಬೈಲಿನಲ್ಲಿ ಇರಲಿ. ಕೇಬಲ್ ಯಾವುದು ಬೇಕು ಅನ್ನುವುದು ಅದರಲ್ಲೇ ಗೊತ್ತಾಗುತ್ತದೆ. ಕೊಳ್ಳುವ ಮೊದಲು ಸಾಧನವನ್ನು ಅಂಗಡಿಯವರ ಲ್ಯಾಪ್‌ಟಾಪಿಗೆ ಹಾಕಿಸಿ, ವಿಂಡೋಸಿನ ಸೌಂಡ್ ಸೆಟ್ಟಿಂಗಿನಲ್ಲಿ ಪ್ಲೇಬ್ಯಾಕ್ ಬಿಟ್ಟು ರೆಕಾರ್ಡಿಂಗ್ ಪಟ್ಟಿ ತೆರೆಸಿ. ಆ ಸಾಧನದ ಅಡ್ವಾನ್ಸ್‌ಡ್ ಪುಟದಲ್ಲಿ 2 ಚಾನೆಲ್, 16 ಬಿಟ್, 44100 ಅಥವಾ 48000 ಹರ್ಟ್ಜ್ ಅಂತ ಇದ್ದರೆ ಬಿಲ್ ಮಾಡಿಸಿ. 1 ಚಾನೆಲ್ ಅಂತಷ್ಟೇ ಇದ್ದರೆ, ಬಾಕ್ಸಿನ ಮೇಲೆ ಏನೇ ಬರೆದಿರಲಿ, ಅಲ್ಲೇ ವಾಪಸ್ ಕೊಡಿ.